ಬೇಸ್ ಇಲ್ಲದ ಬೇಸ್: ‘ಸೆವೆನ್ ನೇಷನ್ ಆರ್ಮಿ’ ಕುರಿತ ನಿಮ್ಮ ಪ್ರಶ್ನೆಗಳು

ಅಮೆರಿಕದ ಡೆಟ್ರಾಯಿಟ್‌ನ ‘ದಿ ವೈಟ್ ಸ್ಟ್ರೈಪ್ಸ್’ ಇಬ್ಬರದೇ ತಂಡವಾಗಿತ್ತು, 2011ರಲ್ಲಿ ಅದು ವಿಸರ್ಜನೆಯಾಯಿತು. ಗಿಟಾರ್ ಮತ್ತು ಹಾಡು ಜ್ಯಾಕ್ ವೈಟ್ ಅವರದು, ಡ್ರಮ್ ಮೆಗ್ ವೈಟ್ ಅವರದು. 2003ರಲ್ಲಿ ಬಂದ ಅವರ ‘ಸೆವೆನ್ ನೇಷನ್ ಆರ್ಮಿ’ ಹಾಡಿನ ಬಗ್ಗೆ ಗಿಟಾರ್ ಹಿಡಿದವರಿಂದಲೂ ಹಾರ್ಮೋನಿಯಂ ಹಿಡಿದವರಿಂದಲೂ ಪ್ರಶ್ನೆಗಳು ಬಂದಿವೆ.

ಪ್ರಶ್ನೆ: ಹಾಡಿನ ಶುರುವಿನಲ್ಲೇ ಬೇಸ್ ಗಿಟಾರ್ ಕೇಳಿಸುತ್ತದೆ. ಅದು ಬೇಸ್ ಅಲ್ಲವೇ ಅಲ್ಲ ಎಂದು ಗೆಳೆಯ ಪಂದ್ಯ ಕಟ್ಟಿದ್ದಾನೆ. ಯಾರದು ಸರಿ? (ಮೈಸೂರಿನ ಓದುಗರು)

ಪಂದ್ಯದ ಹಣ ಕೊಟ್ಟುಬಿಡಿ. ಅದು ‘ಕೇ’ ಕಂಪನಿಯ ಹಳೆಯ ಟೊಳ್ಳು ಮೈಯ ಗಿಟಾರ್. ಅದರ ನಾದವನ್ನು ‘ಡಿಜಿಟೆಕ್ ವ್ಯಾಮಿ’ ಎಂಬ, ಕಾಲಲ್ಲಿ ತುಳಿಯುವ ಪೆಡಲ್ ಒಂದು ಸ್ಥಾಯಿ (ಆಕ್ಟೇವ್) ಕೆಳಗಿಳಿಸುತ್ತದೆ. ಗಿಟಾರಿನ ಐದನೆಯ ತಂತಿಯಲ್ಲಿ (ಎ ತಂತಿ) ಬೆರಳಿಡುವ ಮನೆಗಳು, ಅಂದರೆ ಫ್ರೆಟ್‌ಗಳು, 7, 7, 10, 7, 5, 3, 2. ಸ್ವರಗಳು ಇ, ಇ, ಜಿ, ಇ, ಡಿ, ಸಿ, ಬಿ. ಏಳನೆಯ ಫ್ರೆಟ್ಟಿನ ಇ ಸುಮಾರು 165 ಹರ್ಟ್ಸ್; ಪೆಡಲ್ ಅದನ್ನು 82ಕ್ಕೆ ಇಳಿಸುತ್ತದೆ. ಕೊನೆಯ ಬಿ ಸುಮಾರು 62 ಹರ್ಟ್ಸ್‌ಗೆ ಬಂದು ನಿಲ್ಲುತ್ತದೆ. ಮಾಮೂಲಿ ಶ್ರುತಿಯ ಗಿಟಾರಿನ ಅತಿ ದಪ್ಪ ತಂತಿಯನ್ನು ಬಿಟ್ಟು ಮೀಟಿದರೂ 82ಕ್ಕಿಂತ ಕೆಳಗೆ ಹೋಗಲಾಗದು. ನಿಮ್ಮ ಕಿವಿ ‘ಇದು ಬೇಸ್’ ಎಂದದ್ದು ಅದಕ್ಕೇ. ಬೇಸ್ ಗಿಟಾರ್ ಇರುವವರು ಅದೇ ಎ ತಂತಿಯಲ್ಲಿ ಅವೇ ಫ್ರೆಟ್ ಹಿಡಿದರೆ ಪೆಡಲ್ ಇಲ್ಲದೆಯೇ ಸರಿಯಾದ ಎತ್ತರ ಸಿಗುತ್ತದೆ.

ಇನ್ನೊಂದು ತಮಾಷೆ. ಹಾಡು 2002ರಲ್ಲಿ ಧ್ವನಿಮುದ್ರಣವಾದದ್ದು ಲಂಡನ್ನಿನ ಟೋ ರ‍್ಯಾಗ್ ಸ್ಟುಡಿಯೋದಲ್ಲಿ, ಎಂಟು ಟ್ರ್ಯಾಕಿನ ಟೇಪಿನ ಮೇಲೆ, ಹಳೇ ಕಾಲದ ಯಂತ್ರಗಳಲ್ಲಿ. ಕಂಪ್ಯೂಟರ್ ಮುಟ್ಟಿಲ್ಲ ಎಂದು ‘ಎಲಿಫೆಂಟ್’ ಆಲ್ಬಮ್ಮಿನ ಹೊದಿಕೆಯಲ್ಲೇ ಅಚ್ಚಾಗಿದೆ. ಆದರೆ ಹಾಡಿನ ಮುಖವೇ ಆಗಿರುವ ಆ ನಾದ ಹೊರಟದ್ದು ಡಿಜಿಟಲ್ ಚಿಪ್ ಇರುವ ಪೆಡಲಿನಿಂದ!

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ವ್ಯಾಮಿ 4 ಕೊಂಡೆ. ಮೊದಲು ದೀಪವೇ ಹತ್ತಲಿಲ್ಲ. ಬೇರೆ ಅಡಾಪ್ಟರ್ ಹಾಕಿದ ಮೇಲೆ ಹತ್ತಿತು, ಈಗ ಶ್ರುತಿ ಸೇರುತ್ತಿಲ್ಲ, ನಡುನಡುವೆ ಗೊಗ್ಗರು ಸದ್ದು ಬೇರೆ. ಪೆಡಲ್ ಕೆಟ್ಟಿದೆಯೇ? (ಬೆಂಗಳೂರಿನ ಓದುಗರು)

ಕೆಟ್ಟಿರಲಾರದು. ವ್ಯಾಮಿ 4ಕ್ಕೆ ಬೇಕಾದದ್ದು 9 ವೋಲ್ಟಿನ ಎಸಿ ಅಡಾಪ್ಟರ್. ಉಳಿದ ಹೆಚ್ಚಿನ ಪೆಡಲ್‌ಗಳದ್ದು ಡಿಸಿ. ಅಡಾಪ್ಟರಿನ ಮೇಲೆ ‘ಔಟ್‌ಪುಟ್’ ಎಂಬುದರ ಮುಂದೆ ಎಸಿ ಎಂದಿದೆಯೇ ನೋಡಿ. ಮರೆತು ಆ ಅಡಾಪ್ಟರನ್ನು ಡಿಸಿ ಪೆಡಲಿಗೆ ಚುಚ್ಚೀರಿ, ಅದು ಸುಟ್ಟೇ ಹೋಗಬಹುದು. ಟೇಪ್ ಸುತ್ತಿ ಗುರುತು ಮಾಡಿಡಿ.

ಶ್ರುತಿ ಸೇರದಿರುವುದು ಕಾಲಿನ ತಪ್ಪು. ವ್ಯಾಮಿ ಬದಿಯಲ್ಲಿ ಒಂದು ಆಕ್ಟೇವ್ ಕೆಳಗೆ ಎಂಬ ಜಾಗಕ್ಕೆ ಗುಂಡಿ ತಿರುಗಿಸಿ. ಹಿಮ್ಮಡಿ ಕಡೆ ಒತ್ತಿದ್ದರೆ ಗಿಟಾರಿನ ಮೂಲ ಸ್ವರ ಬರುತ್ತದೆ, ಬೆರಳ ತುದಿಯ ಕಡೆ ಪೂರ್ತಿ ಒತ್ತಿದರೆ ಪೂರಾ ಒಂದು ಸ್ಥಾಯಿ ಇಳಿಯುತ್ತದೆ. ನಡುವೆ ಎಲ್ಲೋ ನಿಂತರೆ ಸ್ವರವೂ ನಡುವೆ ಎಲ್ಲೋ ನಿಲ್ಲುತ್ತದೆ. ರಿಫ್ (ಮತ್ತೆ ಮತ್ತೆ ಬರುವ ಆ ಏಳು ಸ್ವರಗಳ ತುಣುಕು) ಮುಗಿಯುವ ತನಕ ಪಾದ ಸಡಿಲಬಾರದು.

ಗೊಗ್ಗರು ಸದ್ದಿಗೆ ಕಾರಣ ಬೇರೆ. ಈ ಪೆಡಲ್ ಒಂದು ಸಲಕ್ಕೆ ಒಂದೇ ಸ್ವರವನ್ನು ಗುರುತಿಸುತ್ತದೆ. ಪಕ್ಕದ ತಂತಿ ಸ್ವಲ್ಪ ಗುಂಯ್‌ಗುಟ್ಟಿದರೂ ಯಾವುದನ್ನು ಇಳಿಸಬೇಕೆಂದು ತಿಳಿಯದೆ ತೊದಲುತ್ತದೆ. ಎಡಗೈ ತೋರುಬೆರಳ ತುದಿಯಿಂದ ಆರನೆಯ ತಂತಿಯನ್ನು, ಅದೇ ಬೆರಳ ಮೈಯಿಂದ ತೆಳು ತಂತಿಗಳನ್ನು ಸುಮ್ಮನಿರಿಸಿ. ಕುತ್ತಿಗೆ ಕಡೆಯ ಪಿಕಪ್ (ತಂತಿಯ ನಾದ ಹಿಡಿಯುವ ಭಾಗ) ಆಯ್ದುಕೊಳ್ಳಿ, ಟೋನ್ ಅರ್ಧಕ್ಕಿಂತ ಕೆಳಗಿಡಿ. ಗಿಟಾರಿನ ಕೇಬಲ್ ಮೊದಲು ವ್ಯಾಮಿಗೆ, ಆಮೇಲೆ ನಾದ ಒಡೆಯುವ ಡಿಸ್ಟಾರ್ಷನ್ ಪೆಡಲಿಗೆ ಹೋಗಲಿ. ತಿರುಗುಮುರುಗಾದರೆ ಒಡೆದ ನಾದವನ್ನೇ ಇಳಿಸಲು ಹೋಗಿ ಎಲ್ಲ ಕಲಸುಮೇಲೋಗರ. ಜೋರಿನ ಭಾಗದಲ್ಲಿ ರಿಫ್ ಕಾರ್ಡ್‌ಗಳಾಗಿ (ಹಲವು ಸ್ವರ ಒಟ್ಟಿಗೆ) ಬರುತ್ತದೆ. ಅಲ್ಲಿ ವ್ಯಾಮಿಯನ್ನು ಆಫ್ ಮಾಡಿಯೇ ಡಿಸ್ಟಾರ್ಷನ್ ತುಳಿಯಬೇಕು. ಒಂದೇ ಕಾಲಲ್ಲಿ ಎರಡು ಪೆಡಲ್ ಎಂದರೆ ಅಭ್ಯಾಸ ಬೇಕು, ಎರಡನ್ನೂ ಒತ್ತಾಗಿ ಜೋಡಿಸಿಡಿ.

ವ್ಯಾಮಿ ಇಲ್ಲದವರು ಯಾವುದೇ ಆಕ್ಟೇವ್ ಪೆಡಲ್ ಬಳಸಬಹುದು. ನೇರ ನಾದದ ಗುಂಡಿ ಸೊನ್ನೆಗೆ, ಒಂದು ಆಕ್ಟೇವ್ ಕೆಳಗಿನದು ಪೂರ್ತಿ, ಎರಡು ಆಕ್ಟೇವ್ ಕೆಳಗಿನದು ಇದ್ದರೆ ಅದೂ ಸೊನ್ನೆಗೆ. ಚಿಕ್ಕ ಆಂಪ್ಲಿಫೈಯರ್ 62 ಹರ್ಟ್ಸ್ ತಡೆಯಲಾರದೆ ಪಟಪಟ ಎನ್ನುತ್ತದೆ. ಆಗ ಬೇಸ್ ಗುಂಡಿ ಇಳಿಸಿ, ಮಿಡ್ ಏರಿಸಿ. ಮೇಲಿನ ಅನುಸ್ವರಗಳನ್ನು ಹಿಡಿದು ಕೆಳಗಿನ ಸ್ವರವನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ.

ಪ್ರಶ್ನೆ: ನಾನು ಹಿಂದೂಸ್ತಾನಿ ಕಲಿಯುತ್ತಿದ್ದೇನೆ. ಈ ರಿಫ್ ಹಾರ್ಮೋನಿಯಂನಲ್ಲಿ ನುಡಿಸಿದರೆ ಭೈರವಿಯೋ ಆಸಾವರಿಯೋ ತಿಳಿಯದಂತಾಗುತ್ತದೆ. (ಧಾರವಾಡದ ಓದುಗರು)

ಒಳ್ಳೆಯ ಕಿವಿ! ಬಿಳಿ ಮೂರನ್ನು ಷಡ್ಜ ಮಾಡಿಕೊಳ್ಳಿ. ಸಾ, ಸಾ, ಕೋಮಲ ಗ, ಸಾ, ಮತ್ತೆ ಮಂದ್ರದ ಕೋಮಲ ನಿ, ಕೋಮಲ ಧ, ಪ. ಎಲ್ಲವೂ ಬಿಳಿ ಮನೆಗಳೇ. ರಿಷಭವೂ ಮಧ್ಯಮವೂ ಇದರಲ್ಲಿಲ್ಲ, ಹಾಗಾಗಿ ಎರಡು ಥಾಟ್‌ಗಳಿಗೂ ಹೊಂದುತ್ತದೆ. ನಿಮ್ಮ ಗೊಂದಲ ನ್ಯಾಯವೇ.

ಹಾಡು ಮುಂದೆ ಹೋದಾಗ ಗಂಟು ಬಿಡುತ್ತದೆ. ರಿಫ್ಫನ್ನು ಕಾರ್ಡ್‌ಗಳಲ್ಲಿ ಬಾರಿಸುವಾಗ ಪ್ರತಿ ಸ್ವರದ ಜೊತೆ ಅದರ ಪಂಚಮವೂ ಸೇರುತ್ತದೆ. ಕೊನೆಯ ಪ ಸ್ವರಕ್ಕೆ ಪಂಚಮ ಎಂದರೆ ಶುದ್ಧ ರಿಷಭ, ನಿಮ್ಮ ಪೆಟ್ಟಿಗೆಯಲ್ಲಿ ಕಪ್ಪು ಮೂರು. ಭೈರವಿಯ ಕೋಮಲ ರಿಷಭ ಅಲ್ಲಿ ನಿಲ್ಲದು. ಆದ್ದರಿಂದ ಆಸಾವರಿ ಥಾಟ್, ಕರ್ನಾಟಕ ಸಂಗೀತದವರಿಗೆ ನಟಭೈರವಿ ಮೇಳ. ಇದು ಸ್ವರಗಳ ಲೆಕ್ಕ ಮಾತ್ರ. ಚಲನೆ, ನ್ಯಾಸ, ಗಮಕ ಒಂದೂ ಇಲ್ಲದ್ದನ್ನು ರಾಗವೆಂದು ಕರೆದು ನಿಮ್ಮ ಗುರುಗಳಿಂದ ಬೈಸಿಕೊಳ್ಳಬೇಡಿ.

ಲಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಎಂಟು ಎಣಿಕೆಯ ಆವರ್ತ. ಮೊದಲ ಸಾ ಒಂದೂವರೆ, ಎರಡನೆಯದು ಅರ್ಧ. ಆಮೇಲೆ ಗ, ಸಾ, ನಿ ಮೂರೂ ಸೇರಿ ಎರಡೇ ಎಣಿಕೆ. ಕೊನೆಗೆ ಧ ಎರಡು, ಪ ಎರಡು. ಆ ಮೂರು ಸ್ವರಗಳನ್ನು ಕೆಲವರು ಸಮನಾದ ತಿಶ್ರವಾಗಿ, ಕೆಲವರು 3, 3, 2ರ ಅಳತೆಯಲ್ಲಿ ಬರೆಯುತ್ತಾರೆ. ನಿಮಿಷಕ್ಕೆ ಸುಮಾರು 124 ಎಣಿಕೆಯ ಈ ವೇಗದಲ್ಲಿ ಎರಡಕ್ಕೂ ಅಂತರ ಎರಡನೆಯ ಸ್ವರದಲ್ಲಿ ಸೆಕೆಂಡಿನ ಇಪ್ಪತ್ತೈದನೇ ಒಂದು ಪಾಲು, ಮೂರನೆಯದರಲ್ಲಿ ಸುಮಾರು ಹನ್ನೆರಡನೇ ಒಂದು ಪಾಲು. ಯಾವುದನ್ನಾದರೂ ಹಿಡಿಯಿರಿ, ಆದರೆ ಆ ಮೂರನ್ನು ಒಂದು, ಅರ್ಧ, ಅರ್ಧ ಎಂದು ಚೌಕಾಕಾರ ಮಾಡಿದರೆ ರಿಫ್ ಸತ್ತುಹೋಗುತ್ತದೆ.

ಪ್ರಶ್ನೆ: ಫುಟ್‌ಬಾಲ್ ಮೈದಾನಗಳಿಗೆ ಇದು ಹೋದದ್ದು ಹೇಗೆ? ಏಳು ದೇಶಗಳ ಸೈನ್ಯ ಯಾವುದು? (ಮಂಗಳೂರಿನ ಓದುಗರು)

ಸೈನ್ಯ ಯಾವುದೂ ಇಲ್ಲ. ಜ್ಯಾಕ್ ವೈಟ್ ಚಿಕ್ಕಂದಿನಲ್ಲಿ ‘ಸಾಲ್ವೇಶನ್ ಆರ್ಮಿ’ ಎಂಬ ಕ್ರೈಸ್ತ ಸೇವಾಸಂಸ್ಥೆಯ ಹೆಸರನ್ನು ಹಾಗೆ ಕೇಳಿಸಿಕೊಂಡಿದ್ದರು. 2003ರ ಅಕ್ಟೋಬರಿನಲ್ಲಿ ಮಿಲಾನಿಗೆ ಹೋಗಿದ್ದ ಬೆಲ್ಜಿಯಂನ ಕ್ಲಬ್ ಬ್ರೂಜ್ ಅಭಿಮಾನಿಗಳು ಪದಗಳನ್ನು ಬಿಟ್ಟು ರಿಫ್ಫನ್ನಷ್ಟೇ ಕೂಗಿದರು, ಅಂದು ಅವರ ತಂಡ ಎಸಿ ಮಿಲಾನನ್ನು 1–0ರಿಂದ ಸೋಲಿಸಿತು. 2006ರಲ್ಲಿ ಬ್ರೂಜ್‌ಗೆ ಆಡಲು ಬಂದ ರೋಮಾ ತಂಡದ ಮೂಲಕ ಅದು ಇಟಲಿಗೆ ಹೋಗಿ, ಆ ವರ್ಷದ ವಿಶ್ವಕಪ್ಪಿನಲ್ಲಿ ಇಟಲಿ ಅಭಿಮಾನಿಗಳ ‘ಪೊ ಪೊ ಪೊ’ ಕೂಗಾಯಿತು. ಏಳೇ ಸ್ವರ, ಒಂದು ಸ್ಥಾಯಿಯೊಳಗಿನ ಹರವು. ಹಾಡಲು ಬಾರದವರೂ ಕೂಗಬಹುದು.

ಪ್ರಶ್ನೆ: ಈ ಹಾಡಿಗೆಂದು ಓಪನ್ ಎ ಶ್ರುತಿ (ಬಿಟ್ಟ ತಂತಿಗಳೇ ಎ ಕಾರ್ಡ್ ನುಡಿಯುವ ಶ್ರುತಿ) ಮಾಡಲು ಹೋಗಿ ಎರಡನೆಯ ತಂತಿ ತುಂಡಾಯಿತು. ರಿಫ್ ಒಂದೇ ತಂತಿಯಲ್ಲಿ ಇರುವಾಗ ಈ ಶ್ರುತಿ ಏಕೆ? (ಶಿವಮೊಗ್ಗದ ಓದುಗರು)

ರಿಫ್ಫಿಗೆ ಬೇಡವೇ ಬೇಡ. ಎ ತಂತಿ ಎರಡು ಶ್ರುತಿಯಲ್ಲೂ ಎ ಆಗಿಯೇ ಉಳಿಯುತ್ತದೆ. ಬೇಕಾಗುವುದು ಸ್ಲೈಡ್‌ಗೆ. ಬೆರಳಿಗೆ ಕೊಳವೆ ತೊಟ್ಟು ಜಾರಿಸಿದರೆ ಎಲ್ಲಿ ಇಟ್ಟರೂ ಇಡೀ ಕಾರ್ಡ್ ಸಿಗಬೇಕು. ಅಮೆರಿಕದ ದಕ್ಷಿಣದ ಕಪ್ಪು ಸಂಗೀತಗಾರರ ಡೆಲ್ಟಾ ಬ್ಲೂಸ್ ಕ್ರಮ ಇದು. ಆ ಪರಂಪರೆಯ ಸನ್ ಹೌಸ್ ಅವರನ್ನು ಜ್ಯಾಕ್ ವೈಟ್ ತಲೆಯ ಮೇಲೆ ಹೊತ್ತುಕೊಂಡಿದ್ದಾರೆ, ಈ ಹಾಡಿನ ಸ್ಲೈಡ್ ಭಾಗದ ಬೇರು ಅಲ್ಲಿದೆ.

ಓಪನ್ ಎ ಎಂದರೆ ದಪ್ಪ ತಂತಿಯಿಂದ ಇ, ಎ, ಇ, ಎ, ಸಿ ಶಾರ್ಪ್, ಇ. ನಾಲ್ಕು, ಮೂರು, ಎರಡನೆಯ ತಂತಿಗಳನ್ನು ಎರಡೆರಡು ಫ್ರೆಟ್ಟಿನಷ್ಟು ಏರಿಸಬೇಕು, ಬಿಗಿತ ಸುಮಾರು 26 ಶೇಕಡಾ ಹೆಚ್ಚುತ್ತದೆ. ಹಳೆಯ ತಂತಿ ತಡೆಯದು. ಸುರಕ್ಷಿತ ದಾರಿ ಓಪನ್ ಜಿ: ಆರು ಮತ್ತು ಒಂದನೆಯ ತಂತಿಯನ್ನು ಡಿಗೆ, ಐದನೆಯದನ್ನು ಜಿಗೆ ಇಳಿಸಿ, ಎರಡನೆಯ ಫ್ರೆಟ್ಟಿನಲ್ಲಿ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತುವ ಕ್ಲಿಪ್) ಹಾಕಿ. ಅದೇ ಓಪನ್ ಎ ಸಿಗುತ್ತದೆ. ರಿಫ್ಫಿನ ಫ್ರೆಟ್‌ಗಳನ್ನು ಕ್ಯಾಪೊದಿಂದ ಎಣಿಸಿ.