ಟೆಕ್ಸಸ್‌ನಲ್ಲಿ ಮೊದಲ .22 ಕೋವಿ: ಎಲ್ಲಿ ಖರ್ಚು, ಎಲ್ಲಿ ಉಳಿತಾಯ

ಸೋಮವಾರಪೇಟೆ ಕಡೆಯಿಂದ ಆಸ್ಟಿನ್‌ಗೆ ಬಂದು ನಾಲ್ಕು ತಿಂಗಳಾಯಿತು, ಎಚ್‌-1ಬಿ ಕೆಲಸದ ವೀಸಾದಲ್ಲಿದ್ದೇನೆ, ಸಣ್ಣ .22 ತೋಟೆಯ, ರೂಗರ್ ಕಂಪನಿಯ 10/22 ಕೋವಿಗೆ ಬಿಡಿಭಾಗ ತಂದು ಜೋಡಿಸಿಕೊಳ್ಳುವ ಆಸೆ, ಕೈಯಲ್ಲಿ 800 ಡಾಲರ್ ಇದೆ, ಯಾವ ಭಾಗಕ್ಕೆ ಒಳ್ಳೆಯದೇ ಬೇಕು, ಯಾವುದರಲ್ಲಿ ಅಗ್ಗದ್ದು ನಡೆಯುತ್ತದೆ ಎಂದು ಕೇಳಿದ್ದೀರಿ. ಕೊಡಗಿನ ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಈಡು ಹೊಡೆಯುವುದನ್ನು ನೋಡಿ ಬೆಳೆದವರಿಗೆ ಈ ಆಸೆ ಸಹಜ. ಬಿಡಿಭಾಗದ ಲೆಕ್ಕ ಹೇಳುತ್ತೇನೆ. ಅದಕ್ಕೆ ಮೊದಲು ವೀಸಾದ ವಿಷಯ ಮುಗಿಸಿಕೊಳ್ಳೋಣ, ಏಕೆಂದರೆ ಅಲ್ಲಿ ತಪ್ಪಿದರೆ ಉಳಿದ ಯಾವ ಲೆಕ್ಕಕ್ಕೂ ಅರ್ಥವಿಲ್ಲ.

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಎಚ್‌-1ಬಿ, ಅವರ ಕುಟುಂಬದವರ ಎಚ್‌-4, ವಿದ್ಯಾರ್ಥಿಗಳ ಎಫ್‌-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ, ತೋಟೆಯನ್ನಾಗಲಿ ಹೊಂದಿರುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ನಿಮ್ಮಂಥವರಿಗೆ ಇರುವ ಮುಖ್ಯ ದಾರಿ, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಮೀನು ಹಿಡಿಯುವ ಲೈಸೆನ್ಸ್ ನಡೆಯುವುದಿಲ್ಲ. ಟೆಕ್ಸಸ್‌ನಲ್ಲಿ ಸತತ ಆರು ತಿಂಗಳು ವಾಸವಿದ್ದರೆ ನಿವಾಸಿ ದರ ಸಿಗುತ್ತದೆ, ಹೊರಗಿನವರ ದರ ಅದರ ಹಲವು ಪಟ್ಟು. ಆದ್ದರಿಂದ ಇನ್ನೆರಡು ತಿಂಗಳು ತಡೆಯಿರಿ. 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದ ಬೇಟೆಗಾರರಿಗೆ ಅಲ್ಲಿ ಹಂಟರ್ ಎಜುಕೇಷನ್ ತರಬೇತಿ ಕಡ್ಡಾಯ. ಕಾಯುವ ಈ ಸಮಯದಲ್ಲಿ ಅದನ್ನು ಮುಗಿಸಿ.

ಇಲ್ಲಿ ಜನ ಎಡವುವುದು ದಿನಾಂಕದಲ್ಲಿ. ಟೆಕ್ಸಸ್‌ನ ವಾರ್ಷಿಕ ಬೇಟೆ ಲೈಸೆನ್ಸ್ ಯಾವ ತಿಂಗಳಲ್ಲಿ ತೆಗೆದುಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1ರ ಬೆಳಿಗ್ಗೆ ಹೊಸ ಲೈಸೆನ್ಸ್ ಇಲ್ಲದಿದ್ದರೆ ಬೀರುವಿನಲ್ಲಿ ಸುಮ್ಮನೆ ಮಲಗಿರುವ ಕೋವಿಯೂ ಅಪರಾಧವೇ. 2022ರ ತಿದ್ದುಪಡಿಯ ನಂತರ ಇದಕ್ಕೆ 15 ವರ್ಷದವರೆಗೆ ಜೈಲು ಆಗಬಹುದು, ಗಡೀಪಾರಿಗೂ ಇದು ಕಾರಣವಾಗುತ್ತದೆ. ಗ್ರೀನ್ ಕಾರ್ಡ್ ಇರುವ ಗೆಳೆಯನಿಂದ ಅವನ ಹೆಸರಿನಲ್ಲಿ ಕೊಡಿಸಿಕೊಳ್ಳುವ ಯೋಚನೆ ಬೇಡವೇ ಬೇಡ, ಅದು ಇಬ್ಬರಿಗೂ ಅಪರಾಧ. ರೇಂಜಿನಲ್ಲಿ ಬಾಡಿಗೆ ಕೋವಿ ಹಿಡಿಯುವುದಕ್ಕೂ ಇದೇ ನಿಯಮ. ಎಚ್‌-4ನಲ್ಲಿರುವ ಹೆಂಡತಿ ಲೈಸೆನ್ಸ್ ಮಾಡಿಸಿಲ್ಲದಿದ್ದರೆ ಪೆಟ್ಟಿಗೆಯ ಕೀಲಿ ನಿಮ್ಮೊಬ್ಬರ ಬಳಿಯೇ ಇರಲಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಊರಿನಲ್ಲಿ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಖರೀದಿಗೆ ಮುಂಚೆ ವಲಸೆ ವಕೀಲರೊಬ್ಬರಿಗೆ ನಿಮ್ಮ ಕಾಗದಪತ್ರ ತೋರಿಸಿ. ಆ ಫೀಸು ಈ 800ರಲ್ಲಿ ಸೇರಿಲ್ಲ, ಆದರೆ ಅದನ್ನು ಉಳಿಸಬೇಡಿ.

ಈಗ ಕೋವಿಗೆ ಬರೋಣ. 10/22 ಬಂದದ್ದು 1964ರಲ್ಲಿ. ಅಂದಿನಿಂದ ಇಂದಿನವರೆಗೆ ಅದಕ್ಕೆ ಸಿಗುವಷ್ಟು ಬಿಡಿಭಾಗ ಬೇರೆ ಯಾವ .22ಗೂ ಸಿಗುವುದಿಲ್ಲ, ದುಡ್ಡು ಸೋರುವುದೂ ಅದೇ ಕಾರಣಕ್ಕೆ. ಬರಿಯ ರಿಸೀವರ್‌ನಿಂದ (ಉಳಿದ ಭಾಗಗಳೆಲ್ಲ ಕೂರುವ ನಡುವಿನ ಚೌಕಟ್ಟು) ಶುರುಮಾಡಬೇಡಿ. ಕಾನೂನಿನ ಲೆಕ್ಕದಲ್ಲಿ ರಿಸೀವರ್ ಒಂದೇ ಬಂದೂಕು. ಹಾಗಾಗಿ ಅದನ್ನೊಂದನ್ನೇ ತಂದರೂ ಲೈಸೆನ್ಸ್ ಇರುವ ಅಂಗಡಿ, ಕೊಳ್ಳುವವರು ತುಂಬುವ 4473 ಫಾರಂ, ಹಿನ್ನೆಲೆ ತಪಾಸಣೆ ಯಾವುದೂ ತಪ್ಪುವುದಿಲ್ಲ. ನಳಿಗೆ, ಟ್ರಿಗರ್, ಬೋಲ್ಟ್ (ತೋಟೆಯನ್ನು ನಳಿಗೆಗೆ ತಳ್ಳುವ ಭಾಗ), ಸ್ಟಾಕ್ (ಹೆಗಲಿಗೆ ಆನಿಸುವ ಹಿಡಿ) ಎಲ್ಲವನ್ನೂ ಬಿಡಿಯಾಗಿ ಕೊಂಡರೆ ಪೂರ್ತಿ ಕೋವಿಯ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಎಲ್ಲ ಭಾಗವೂ ಹೊಸದಾದರೆ ಗುರಿ ತಪ್ಪಿದಾಗ ದೋಷ ಯಾವುದರದ್ದೆಂದು ಗೊತ್ತಾಗುವುದಿಲ್ಲ. 18.5 ಇಂಚು ನಳಿಗೆಯ ಸಾದಾ ಕಾರ್ಬೈನ್ ಮಾದರಿಯ 10/22 ಅನ್ನು ಪೂರ್ತಿಯಾಗಿ ತನ್ನಿ, ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ.

800 ಡಾಲರನ್ನು ನಾನು ಹೀಗೆ ಹಂಚುತ್ತೇನೆ: ಕೋವಿಗೆ ಸುಮಾರು 330, ಸ್ಕೋಪಿಗೆ (ಗುರಿ ನೋಡುವ ದುರ್ಬೀನು) 150, ಅದನ್ನು ಹಿಡಿದಿಡುವ ರಿಂಗುಗಳಿಗೆ 40, ಬಿಗಿತ ಅಳೆಯುವ ಟಾರ್ಕ್ ಸ್ಕ್ರೂಡ್ರೈವರಿಗೆ 40, ತೋಟೆಗೆ 100, ಕಿವಿ-ಕಣ್ಣಿನ ರಕ್ಷಣೆಗೆ 50, ಬೀಗವಿರುವ ಉಕ್ಕಿನ ಪೆಟ್ಟಿಗೆಗೆ 90. ನಳಿಗೆಗೂ ಸ್ಟಾಕಿಗೂ ಇದರಲ್ಲಿ ಬಿಡಿಗಾಸು ಇಟ್ಟಿಲ್ಲ, ಬೇಕೆಂದೇ ಇಟ್ಟಿಲ್ಲ.

ಹೊಸಬರು ಎಲ್ಲಕ್ಕಿಂತ ಕಡಿಮೆ ಯೋಚಿಸುವುದು ತೋಟೆಯ ಬಗ್ಗೆ. ಗುರಿಯನ್ನು ಹೆಚ್ಚು ಬದಲಾಯಿಸುವುದೂ ಅದೇ. ಅಂಗಡಿಯ ಮುಂಭಾಗದಲ್ಲಿ ರಾಶಿ ಹಾಕಿರುವ ಅಗ್ಗದ ಹೈ ವೆಲಾಸಿಟಿ ತೋಟೆ ಸೆಕೆಂಡಿಗೆ 1,200 ಅಡಿ ದಾಟಿ ಹೊರಡುತ್ತದೆ. ಶಬ್ದದ ವೇಗ ಸುಮಾರು 1,125 ಅಡಿ. ಆ ಗುಂಡು 100 ಗಜ ಮುಟ್ಟುವ ಮೊದಲೇ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ, ಇಳಿಯುವಾಗ ಅಲುಗಾಡುತ್ತದೆ. 40 ಗ್ರೇನ್‌ನ (ಗುಂಡಿನ ತೂಕದ ಅಳತೆ) ಸ್ಟ್ಯಾಂಡರ್ಡ್ ವೆಲಾಸಿಟಿ ತೋಟೆ, ಉದಾಹರಣೆಗೆ ಸಿಸಿಐ ಕಂಪನಿಯದ್ದು, 1,070 ಅಡಿಯಲ್ಲಿ ಹೊರಟು ಮೊದಲಿಂದ ಕೊನೆಯವರೆಗೆ ಶಬ್ದದ ವೇಗಕ್ಕಿಂತ ಕೆಳಗೇ ಇರುತ್ತದೆ. ಒಂದೊಂದು ನಳಿಗೆಗೆ ಒಂದೊಂದು ತೋಟೆ ಒಗ್ಗುತ್ತದೆ, ಬೆಲೆ ನೋಡಿ ಅದನ್ನು ಊಹಿಸಲಾಗುವುದಿಲ್ಲ. ನಾಲ್ಕು ಬಗೆಯದ್ದನ್ನು 50ರ ಒಂದೊಂದು ಪೆಟ್ಟಿಗೆ ತನ್ನಿ. ಬಗೆ ಬದಲಾಯಿಸಿದಾಗಲೆಲ್ಲ ಮೊದಲ ಹತ್ತು ಈಡನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹಿಂದಿನ ತೋಟೆಯ ಮೇಣ ನಳಿಗೆಯಿಂದ ಹೋಗಬೇಕು. ಆಮೇಲೆ ಮರಳು ಚೀಲದ ಮೇಲೆ ಕೋವಿ ಇಟ್ಟು, 50 ಗಜಕ್ಕೆ, ಐದೈದು ಈಡಿನ ಐದು ಗುಂಪು ಹೊಡೆದು, ತೂತುಗಳು ಹರಡಿದ ಅಗಲವನ್ನು ಅಳೆದು ಬರೆದಿಡಿ. ಮೂರು ಈಡಿನ ಒಂದೇ ಗುಂಪು ಚೆನ್ನಾಗಿ ಬಂದರೆ ಅದನ್ನು ನಂಬಬೇಡಿ. ಸಾದಾ 10/22 ಒಪ್ಪುವ ತೋಟೆಯಲ್ಲಿ ಒಂದರಿಂದ ಒಂದೂವರೆ ಇಂಚಿನ ಗುಂಪು ಕೊಟ್ಟರೆ ಕೋವಿ ಆರೋಗ್ಯವಾಗಿದೆ ಎಂದರ್ಥ.

ಸ್ಕೋಪಿನಲ್ಲಿ ದೊಡ್ಡ ಸಂಖ್ಯೆಯ ಹಿಂದೆ ಹೋಗಬೇಡಿ. 150 ಡಾಲರಿಗೆ 24 ಪಟ್ಟು ದೊಡ್ಡದು ಮಾಡಿ ತೋರಿಸುವ ಸ್ಕೋಪ್ ಸಿಕ್ಕರೆ, ಗಾಜಿನಲ್ಲೂ ಒಳಗಿನ ಸ್ಪ್ರಿಂಗಿನಲ್ಲೂ ಉಳಿತಾಯ ಮಾಡಿರುತ್ತಾರೆ. 2-7 ಅಥವಾ 3-9 ಪಟ್ಟಿನದ್ದು ಸಾಕು. ನೋಡಬೇಕಾದ್ದು ಪ್ಯಾರಲಾಕ್ಸ್. ಜಿಂಕೆ ಬೇಟೆಯ ಸ್ಕೋಪುಗಳನ್ನು 100 ಗಜ ಅಥವಾ ಅದಕ್ಕೂ ದೂರಕ್ಕೆ ಹೊಂದಿಸಿರುತ್ತಾರೆ. ಅವುಗಳಲ್ಲಿ 50 ಗಜ ನೋಡುವಾಗ ತಲೆ ಸ್ವಲ್ಪ ಸರಿದರೂ ಅಡ್ಡಗೆರೆ ಗುರಿಯಿಂದ ಸರಿಯುತ್ತದೆ. .22ನಂಥ ರಿಮ್‌ಫೈರ್ ಕೋವಿಗೆಂದೇ 50 ಗಜಕ್ಕೆ ಹೊಂದಿಸಿದ್ದನ್ನು, ಇಲ್ಲವೇ ದೂರ ಬದಲಾಯಿಸಲು ಬರುವುದನ್ನು ಕೊಳ್ಳಿ. ಕಾಲು ಎಂಒಎ (ಕೋನದ ಅಳತೆ) ಸ್ಕೋಪಿನಲ್ಲಿ ತಿರುಪಿನ ಒಂದು ಕ್ಲಿಕ್ಕಿಗೆ 50 ಗಜದಲ್ಲಿ ಸುಮಾರು ಇಂಚಿನ ಎಂಟನೇ ಒಂದು ಭಾಗ ಸರಿಯುತ್ತದೆ. ಎರಡು ಇಂಚು ಕೆಳಗೆ ಬೀಳುತ್ತಿದ್ದರೆ ಮೇಲಕ್ಕೆ 16 ಕ್ಲಿಕ್, ಅದೇ 25 ಗಜದಲ್ಲಾದರೆ 32.

ಸ್ಕೋಪ್ ಕೂರಿಸುವ ಬೇಸ್ 10/22ರ ಪೆಟ್ಟಿಗೆಯಲ್ಲೇ ಬರುತ್ತದೆ, ಬೇರೆ ಕೊಳ್ಳಬೇಕಿಲ್ಲ. ರಿಂಗು ಮಾತ್ರ ಒಳ್ಳೆಯದಿರಲಿ. ಹತ್ತು ಡಾಲರಿನ ರಿಂಗಿನಲ್ಲಿ ಸ್ಕೋಪಿನ ಕೊಳವೆ ನಿಧಾನವಾಗಿ ಜಾರುತ್ತದೆ, ಗುಂಪು ಒಂದು ವಾರ ಎಡಕ್ಕೆ, ಮುಂದಿನ ವಾರ ಕೆಳಕ್ಕೆ ಹೋಗುತ್ತದೆ, ಹುಡುಗರು ಸ್ಕೋಪನ್ನು ಬೈದು ವಾಪಸ್ ಕಳಿಸುತ್ತಾರೆ. ರಿಂಗಿಗೂ ಕೊಳವೆಗೂ ಸೇರಿಸಿ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದಿಡಿ, ಗೆರೆ ಒಡೆದಿದ್ದರೆ ಜಾರಿದೆ ಎಂದು ಕಣ್ಣಿಗೇ ಕಾಣುತ್ತದೆ. ಬೇಸಿನ ಸ್ಕ್ರೂಗಳ ಎಣ್ಣೆ ಒರೆಸಿ ನೀಲಿ ಲಾಕ್‌ಟೈಟ್ ಅಂಟು ಒಂದು ತೊಟ್ಟು ಹಾಕಿ, ರಿಂಗಿನ ಸ್ಕ್ರೂಗಳಿಗೆ ಅದು ಬೇಡ. ರಿಂಗಿನ ಸ್ಕ್ರೂ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್, ತಯಾರಕರು ಬೇರೆ ಹೇಳಿದ್ದರೆ ಅವರು ಹೇಳಿದಷ್ಟು. ಇಂಚ್-ಪೌಂಡ್ ಎಂಬುದನ್ನು ಎರಡು ಸಲ ಓದಿಕೊಳ್ಳಿ. ಫುಟ್-ಪೌಂಡ್ ಅದರ 12 ಪಟ್ಟು. ಕೈಯಂದಾಜಿನಲ್ಲಿ ಬಿಗಿದು ಕೊಳವೆ ನಜ್ಜುಗುಜ್ಜಾದ ಸ್ಕೋಪಿಗೆ ವಾರಂಟಿಯೂ ಸಿಗುವುದು ಕಷ್ಟ.

ಮುಂದಿನ ಸಂಬಳದಲ್ಲಿ ಮೊದಲು ಬದಲಾಯಿಸಬೇಕಾದ್ದು ಟ್ರಿಗರ್. ಕಾರ್ಖಾನೆಯದ್ದು ಐದಾರು ಪೌಂಡ್ ಎಳೆತ ಕೇಳುತ್ತದೆ, ಎಳೆಯುವಷ್ಟರಲ್ಲಿ ಕೋವಿಯೇ ಅಲುಗುತ್ತದೆ. ರೂಗರ್‌ನದ್ದೇ ಬಿಎಕ್ಸ್ ಟ್ರಿಗರ್ 2.5ರಿಂದ 3 ಪೌಂಡಿನದ್ದು. ಎರಡು ಪಿನ್ನು ತೆಗೆದರೆ ಹಳೆಯದು ಇಡಿಯಾಗಿ ಹೊರಬಂದು ಹೊಸದು ಕೂರುತ್ತದೆ. ಇಲ್ಲಿ ಅಗ್ಗದ ಸ್ಪ್ರಿಂಗ್ ಕಿಟ್ ಹಾಕುವುದನ್ನೂ, ಸೀರ್ (ಟ್ರಿಗರ್ ಎಳೆಯುವವರೆಗೆ ಸುತ್ತಿಗೆಯನ್ನು ಹಿಡಿದಿಡುವ ಕೊಕ್ಕೆ) ಉಜ್ಜುವುದನ್ನೂ ಖಂಡಿತ ಮಾಡಬೇಡಿ. ಹಿಡಿತ ಸಡಿಲವಾದರೆ ಕೋವಿ ಬಿದ್ದಾಗ ಗುಂಡು ಹಾರುತ್ತದೆ, ಅಥವಾ ಒಂದು ಎಳೆತಕ್ಕೆ ಎರಡು ಹಾರುತ್ತದೆ. ಹಾಗೆ ಒಮ್ಮೆ ಆದರೂ ತೋಟೆ ತೆಗೆದು, ಅಲ್ಲಿಗೇ ನಿಲ್ಲಿಸಿ ಗನ್‌ಸ್ಮಿತ್ ಬಳಿ ಒಯ್ಯಿರಿ. ಸಿಎಂಪಿ (ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ) ಸಂಸ್ಥೆ ನಡೆಸುವ ರಿಮ್‌ಫೈರ್ ಸ್ಪೋರ್ಟರ್ ಸ್ಪರ್ಧೆಗೆ ಹೋಗುವ ಮನಸ್ಸಿದ್ದರೆ ಇನ್ನೊಂದು ವಿಷಯ ಗಮನದಲ್ಲಿರಲಿ: ಅಲ್ಲಿ ಟ್ರಿಗರ್ 3 ಪೌಂಡಿಗಿಂತ ಹಗುರ ಇರುವಂತಿಲ್ಲ, ಕೋವಿಯ ತೂಕ ಏಳೂವರೆ ಪೌಂಡ್ ಮೀರುವಂತಿಲ್ಲ. ದುಬಾರಿ ಭಾಗಗಳೇ ನಿಮ್ಮನ್ನು ಹೊರಗೆ ನಿಲ್ಲಿಸಬಹುದು.

ನಳಿಗೆ ಕೊನೆಗೆ. ದಪ್ಪ 0.920 ಇಂಚಿನ ನಳಿಗೆ ಕಾರ್ಬೈನಿನ ಸ್ಟಾಕಿನ ತೋಡಿನಲ್ಲಿ ಕೂರುವುದಿಲ್ಲ, ಆದ್ದರಿಂದ ಅದರ ಜೊತೆಗೆ ಸ್ಟಾಕಿನ ಖರ್ಚೂ ಬರುತ್ತದೆ. ಸ್ಪರ್ಧೆಯ ನಳಿಗೆಗಳ ಮ್ಯಾಚ್ ಚೇಂಬರ್ (ತೋಟೆ ಕೂರುವ ಜಾಗ) ಬಿಗಿಯಾಗಿರುತ್ತದೆ: ಹಾರಿಸದ ತೋಟೆಯನ್ನು ಹೊರಗೆಳೆದಾಗ ಸೀಸದ ತಲೆ ನಳಿಗೆಯಲ್ಲೇ ಉಳಿದುಬಿಡಬಹುದು. 10/22ನಂಥ ಸೆಮಿ-ಆಟೋಗೆ ಅದಕ್ಕಿಂತ ಸ್ವಲ್ಪ ಸಡಿಲವಾದ ಬೆಂಟ್ಜ್ ಚೇಂಬರ್ ಸರಿ. 16 ಇಂಚಿಗಿಂತ ಗಿಡ್ಡ ನಳಿಗೆಯತ್ತ ಕೈ ಹಾಕಬೇಡಿ, ಅದಕ್ಕೆ 1934ರ ಬೇರೆಯೇ ಕಾಯ್ದೆ ಇದೆ.

ಉಳಿಸುವ ಜಾಗಗಳೂ ಇವೆ. ಸ್ಲಿಂಗ್ (ಹೆಗಲ ಪಟ್ಟಿ) ಸಾದಾ ಹತ್ತಿಯದ್ದು ಸಾಕು. ಮರಳು ಚೀಲಕ್ಕೆ ಹಳೆಯ ಜೀನ್ಸ್ ಕಾಲು ಹೊಲಿದು ಅಕ್ಕಿ ತುಂಬಿ. ಬಣ್ಣದ ಬೋಲ್ಟ್ ಹಿಡಿ, ನಳಿಗೆಯ ತುದಿಗೆ ಹಾಕುವ ಅಲಂಕಾರ, 25 ತೋಟೆಯ ಅಗ್ಗದ ಮ್ಯಾಗಝೀನ್ ಯಾವುದೂ ಬೇಡ. ಜೊತೆಗೆ ಬರುವ ಹತ್ತರ ರೋಟರಿ ಮ್ಯಾಗಝೀನ್‌ನಷ್ಟು ನಂಬಿಕೆಯದ್ದು ಇನ್ನೊಂದಿಲ್ಲ, ಸಿಕ್ಕಿಹಾಕಿಕೊಳ್ಳುವ ತೊಂದರೆಯಲ್ಲಿ ಬಹುಪಾಲು ಅಗ್ಗದ ಮ್ಯಾಗಝೀನ್‌ಗಳದ್ದೇ. ಶುಚಿಗೆ ಹಗ್ಗದಂಥ ಬೋರ್‌ಸ್ನೇಕ್ ಸಾಕು, ಹಿಂದಿನಿಂದ ಮುಂದಕ್ಕೆ ಎಳೆಯಿರಿ. 10/22ರ ರಿಸೀವರಿಗೆ ಹಿಂದೆ ತೂತಿಲ್ಲದ್ದರಿಂದ ಜನ ಕಬ್ಬಿಣದ ಸಲಾಕೆಯನ್ನು ಬಾಯಿಯ ಕಡೆಯಿಂದ ತೂರುತ್ತಾರೆ, ನಳಿಗೆಯ ಅಂಚು ಸವೆದು ಗುರಿ ಕೆಡುತ್ತದೆ.

.22 ಸದ್ದು ಸಣ್ಣದೆಂದು ಕಿವಿ ತೆರೆದು ಹೊಡೆಯಬೇಡಿ. ಪಕ್ಕದ ಬೆಂಚಿನಲ್ಲಿ ದೊಡ್ಡ ಕೋವಿ ಹೊಡೆಯುವವರು ಇದ್ದೇ ಇರುತ್ತಾರೆ. ಮುಗಿದ ಮೇಲೆ ಕೈ-ಮುಖವನ್ನು ತಣ್ಣೀರು, ಸೋಪಿನಲ್ಲಿ ತೊಳೆದು, ರೇಂಜಿನ ಚಪ್ಪಲಿ-ಬೂಟನ್ನು ಮನೆ ಹೊರಗೆ ಬಿಡಿ. ಆ ಧೂಳಿನಲ್ಲಿ ಸೀಸವಿರುತ್ತದೆ, ಅಂಬೆಗಾಲಿಡುವ ಮಕ್ಕಳಿರುವ ಮನೆಗೆ ಅದು ಬರಬಾರದು.

ರೇಂಜಿಗೆಂದೇ ಬೇರೆ ಚೀಲ ಇಟ್ಟುಕೊಳ್ಳಿ, ಅದನ್ನು ಯಾವತ್ತೂ ಪ್ರಯಾಣಕ್ಕೆ ಬಳಸಬೇಡಿ. ಜೇಬಿನ ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟೆ ಭಾರತದ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣವಾಗುತ್ತದೆ. ಊರಿಗೆ ಹೊರಡುವ ಹಿಂದಿನ ರಾತ್ರಿ ಜಾಕೆಟ್ಟಿನ ಜೇಬುಗಳನ್ನೂ ಒಮ್ಮೆ ತಡಕಿ ನೋಡಿ.