ಪ್ರತಿಕ್ರಿಯೆ: ಹಳಿ ಕೆಳಗೆ ನೀರಿನ ಪೈಪ್, ರಾತ್ರಿ ಅಗೆದು ಹಾಕಬಹುದಾ?

ಅಣ್ಣಾ, ತುಮಕೂರು ಹತ್ರ ನಿಮ್ಮೂರಿಗೆ 200 ಎಂಎಂ ಪೈಪು ಹಳಿ ಆಚೆಯಿಂದ ಬರ್ಬೇಕು, ರಾತ್ರಿ ರೈಲಿಲ್ಲದ ಟೈಮಲ್ಲಿ ಜೆಸಿಬಿ ಬಿಟ್ಟು ಅಗೆದು ಮುಚ್ಚಿದ್ರೆ ಆಗಲ್ವಾ ಅಂತ ಕೇಳಿದ್ದೀರಲ್ಲ, ಆ ಯೋಚ್ನೆ ಮೊದ್ಲು ಬಿಡಿ. ಕೇಸ್ ಬೀಳೋದು ಇರ್ಲಿ, ಅಗೆದ ಮಣ್ಣು ಎಷ್ಟು ದಮ್ಮಸ್ ಹೊಡೆದ್ರೂ ಆಮೇಲೆ ಕೂತ್ಕೊಳುತ್ತೆ, ಜೊತೆಗೆ ಹಳೀನೂ ಕೂರುತ್ತೆ.

ಸಾಮಾನ್ಯವಾಗಿ ಮಾಡೋದು ಹಿಂಗೆ: ಹಳಿಯಿಂದ ದೂರದಲ್ಲಿ ಎರಡೂ ಕಡೆ ಗುಂಡಿ ತೋಡಿ, ಒಂದು ಗುಂಡಿಯಿಂದ ದಪ್ಪ ಕಬ್ಬಿಣದ ಕೇಸಿಂಗ್ ಪೈಪನ್ನ (ನೀರಿನ ಪೈಪಿಗೆ ಹೊರಗವಚ ಇದ್ದಂಗೆ) ಜಾಕ್ ಇಟ್ಟು ತಳ್ತಾ ಹೋಗ್ತಾರೆ, ಪೈಪೊಳಗೇ ತಿರುಗೋ ಆಗರ್, ಅಂದ್ರೆ ಸ್ಕ್ರೂ ಥರದ ಉದ್ದ ಡ್ರಿಲ್, ಮಣ್ಣನ್ನ ಹಿಂದಕ್ಕೆ ತರುತ್ತೆ, ಆಗರ್ ಪೈಪ್ ಬಾಯಿ ದಾಟಿ ತುಂಬ ಮುಂದೆ ಹೋಗ್ಬಾರ್ದು, ಹೋದ್ರೆ ಹಳಿ ಕೆಳಗೆ ಪೊಳ್ಳಾಗುತ್ತೆ. ಆಮೇಲೆ ನಿಮ್ಮ ನೀರಿನ ಪೈಪು ಕೇಸಿಂಗ್ ಒಳಗೆ, ಮುಂದೆ ಒಡೆದ್ರೂ ನೀರು ಹಳಿ ಕೆಳಗಿನ ಮಣ್ಣಿನ ಏರಿಗೆ ನುಗ್ಗದೆ ಗುಂಡಿ ಕಡೆ ಬರುತ್ತೆ, ಹಳೀನ ಮುಟ್ಟದೆ ಎಳೆದು ಬೇರೆ ಹಾಕ್ಬಹುದು.

ನಿಮ್ಮ ಕಂಟ್ರಾಕ್ಟರ್ ಹೇಳಿದ ಎಚ್‌ಡಿಡಿ (ದಿಕ್ಕು ತಿರುಗಿಸ್ತಾ ನೆಲದೊಳಗೆ ಅಡ್ಡಕ್ಕೆ ಕೊರೆಯೋದು) ಬೇರೆ, ಅದ್ರಲ್ಲಿ ಬೆಂಟೊನೈಟ್ ಅನ್ನೋ ಜೇಡಿಮಣ್ಣು ಕಲಸಿದ ನೀರು ಬಿಟ್ಟು ಮೊದ್ಲು ಸಣ್ಣ ತೂತು, ಆಮೇಲೆ ಅಗಲ ಮಾಡಿ ಪೈಪ್ ಎಳೀತಾರೆ. ಉದ್ದ ದಾಟೋಕೆ ಅದೇ ವಾಸಿ, ಆದ್ರೆ ಆಳ ಸಾಲ್ದೆ ಪ್ರೆಷರ್ ಜಾಸ್ತಿಯಾದ್ರೆ ಬೆಂಟೊನೈಟ್ ಜಲ್ಲಿ ಮಧ್ಯದಿಂದ ಮೇಲೆ ಉಕ್ಕುತ್ತೆ.

ನಮ್ ಕೋಲಾರದ ಕಡೆ ನಾನು ನೋಡಿದ ಒಂದು ಕೆಲಸದಲ್ಲಿ ಆಗರ್ ಅರ್ಧಕ್ಕೆ ಗುಂಡುಕಲ್ಲಿಗೆ ಸಿಕ್ಕಿ ನಿಂತೋಯ್ತು, ಕಾರಣ ಮಣ್ಣು ಪರೀಕ್ಷೆಗೆ ದುಡ್ಡು ಉಳಿಸಿದ್ದು! ನಿಮ್ಮಲ್ಲೂ ಕಲ್ಲೇ ಅಲ್ವಾ, ಮಣ್ಣು ಪರೀಕ್ಷೆಗೆ ಎರಡೂ ಬದಿ ಬೋರ್ ಹೊಡೆಸಿ ನೋಡಿ, ಡ್ರಾಯಿಂಗ್ ಸಮೇತ ಪಂಚಾಯ್ತಿ ಕಡೆಯಿಂದ್ಲೇ ರೈಲ್ವೆ ಬೆಂಗಳೂರು ಡಿವಿಜನ್‌ಗೆ ಅರ್ಜಿ ಹಾಕ್ಸಿ, ಪರ್ಮಿಷನ್ ಕೈಗೆ ಬರೋವರ್ಗೂ ಗುಂಡೀನೂ ತೋಡಬೇಡಿ.