ಓದುಗರ ಪ್ರಶ್ನೆ, ನಮ್ಮ ಉತ್ತರ: ಹಂಚಿನ ಮೇಲೆ ಮಾಂಸ ಬಿರುಸಾಗುವುದು ಯಾಕೆ?

ಪ್ರಶ್ನೆ: ಮಗ ನ್ಯೂಜಿಲೆಂಡಿನ್ಯಾಗ ಅದಾನ್ರಿ. ಅಲ್ಲಿ ಅಂಗಡ್ಯಾಗ ಜಿಂಕಿ ಮಾಂಸದ ಸ್ಟೇಕ್, ಅಂದ್ರ ಹಂಚಿನ ಮ್ಯಾಲೆ ಸುಡೋ ದಪ್ಪ ತುಂಡು, ಸಿಗತೈತಂತ. ಎರಡ ಸಲ ಮಾಡ್ಯಾನ, ಎರಡೂ ಸಲ ಚಪ್ಪಲಿ ತೊಗಲ ಆದಂಗ ಆಗೈತಿ. ಫೋನ್ ಹಚ್ಚಿ ನನ್ನ ಕೇಳ್ತಾನ, ನನಗರ ಮಟನ್ ಸಾರು ಬಿಟ್ರ ಬ್ಯಾರೆ ಗೊತ್ತಿಲ್ಲ. ಹೆಂಗ ಮಾಡಬೇಕು ಬರದು ತಿಳಸ್ರಿ. ನಮ್ಮ ಕಡೆ ಎಲ್ಲೆರ ಇದು ಸಿಗತೈತೇನ್ರಿ?
— ಓದುಗರೊಬ್ಬರು, ಜಮಖಂಡಿ

ಉತ್ತರ: ಕಡೆಯ ಮಾತನ್ನು ಮೊದಲು ಮುಗಿಸೋಣ. ನಮ್ಮ ಕಡೆ ಸಿಗುವುದಿಲ್ಲ. ಯಾರಾದರೂ ಗುಟ್ಟಾಗಿ ತಂದುಕೊಡುತ್ತೇನೆ ಎಂದರೆ ಅದು ಕಳ್ಳಬೇಟೆಯ ಮಾಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚುಕ್ಕೆ ಜಿಂಕೆ, ಕಡವೆ, ಕೃಷ್ಣಮೃಗ, ಚಿಂಕಾರ ಯಾವುದನ್ನೂ ಬೇಟೆಯಾಡುವಂತಿಲ್ಲ. ಮಾಂಸ ಮಾರುವುದಷ್ಟೇ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ನಿಮ್ಮ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಗಳಿಗೆಂದೇ ವನ್ಯಧಾಮವಿದೆ. ನ್ಯೂಜಿಲೆಂಡಿನ ಮಾತು ಬೇರೆ. ಅಲ್ಲಿ ಕೆಂಪು ಜಿಂಕೆಯನ್ನು ನಾವು ಕುರಿ ಸಾಕಿದ ಹಾಗೆ ಬೇಲಿ ಹಾಕಿ ಮಾಂಸಕ್ಕೆಂದೇ ಸಾಕುತ್ತಾರೆ. ಮಗ ಅಲ್ಲೇ ತಿನ್ನಲಿ. ಊರಿಗೆ ಬರುವಾಗ ಬ್ಯಾಗಿನಲ್ಲಿ ಕಟ್ಟಿಕೊಂಡು ಬರುವ ಉಸಾಬರಿ ಬೇಡ.

ಇನ್ನು ತೊಗಲಿನ ವಿಷಯ. ಜಿಂಕೆ ಮಾಂಸದಲ್ಲಿ ಕೊಬ್ಬು ಇಲ್ಲವೆಂದರೂ ನಡೆಯುತ್ತದೆ, 100 ಗ್ರಾಂಗೆ 2–3 ಗ್ರಾಂ ಅಷ್ಟೇ. ಟಗರಿನ ಮಾಂಸ ಒಲೆಯ ಮೇಲೆ ಹತ್ತು ನಿಮಿಷ ಹೆಚ್ಚಿಗೆ ಇದ್ದರೂ ಅದರ ಕೊಬ್ಬೇ ಕರಗಿ ಮರ್ಯಾದೆ ಉಳಿಸುತ್ತದೆ. ಜಿಂಕೆಗೆ ಆ ಆಸರೆ ಇಲ್ಲ. ಮಾಂಸದ ನಟ್ಟನಡುವಿನ ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಎಳೆಗಳು ಗಟ್ಟಿಯಾಗತೊಡಗುತ್ತವೆ. 60 ದಾಟಿದರೆ ಎಳೆಗಳ ಸುತ್ತಲಿನ ಪೊರೆ ಮುದುಡಿ, ಒದ್ದೆ ಅರಿವೆ ಹಿಂಡಿದಂತೆ ಒಳಗಿನ ರಸವನ್ನೆಲ್ಲ ಹೊರಗೆ ಹಾಕುತ್ತದೆ. ಅಲ್ಲಿಂದ ಮುಂದೆ ಮೆತ್ತಗಾಗಬೇಕೆಂದರೆ ಆ ಪೊರೆಯೇ ಕರಗಬೇಕು. ಅದಕ್ಕೆ ನೀರು ಬೇಕು, ಸಣ್ಣ ಉರಿ ಬೇಕು, ಎರಡೂವರೆ–ಮೂರು ತಾಸು ಬೇಕು. ಹೀಗಾಗಿ ಈ ಮಾಂಸಕ್ಕೆ ಐದು ನಿಮಿಷ, ಇಲ್ಲವೇ ಮೂರು ತಾಸು. ಮಗ ಮನೆಯ ಮಟನ್ ರೂಢಿಯಂತೆ ಹದಿನೈದು–ಇಪ್ಪತ್ತು ನಿಮಿಷ ಬೇಯಿಸಿರಬೇಕು; ಬಿರುಸಾಗಲು ಅದಕ್ಕಿಂತ ಪಕ್ಕಾ ದಾರಿ ಇಲ್ಲ.

ತುಂಡು ಯಾವುದು ಎಂಬುದೂ ಮುಖ್ಯ. ಬೆನ್ನೆಲುಬಿನ ಎರಡು ಮಗ್ಗುಲಿಗೆ ಉದ್ದಕ್ಕೆ ಇರುವ ಮಾಂಸಕ್ಕೆ ಅಲ್ಲಿ ಬ್ಯಾಕ್‌ಸ್ಟ್ರಾಪ್ ಅನ್ನುತ್ತಾರೆ. ಸ್ಟೇಕಿಗೆ ಅದೇ ಸರಿ. ಮುಂಗಾಲು, ಕುತ್ತಿಗೆಯ ಮಾಂಸ ತಂದಿದ್ದರೆ ಹಂಚಿನ ಆಸೆ ಬಿಟ್ಟು ಸಾರು ಮಾಡಲಿ. ದಪ್ಪ 2.5ರಿಂದ 3 ಸೆಂಟಿಮೀಟರ್ ಇರಲಿ. ತೆಳ್ಳಗಿದ್ದರೆ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಕೆಲಸ ಕೆಟ್ಟಿರುತ್ತದೆ.

ಫ್ರೀಜರಿನ ಮಾಂಸವಾದರೆ ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿ ಕರಗಿಸಬೇಕು. ಮೇಲೆ ಬೆಳ್ಳಗೆ ಹೊಳೆಯುವ ಪೊರೆ ಇದ್ದರೆ ಅದು ಆಗ ಹೇಳಿದ ಒಳಪೊರೆಯಲ್ಲ, ಎಷ್ಟು ಕಾಯಿಸಿದರೂ ಕರಗದು. ಚೂಪು ಚಾಕುವಿನ ತುದಿಯನ್ನು ಪೊರೆಯಡಿ ತೂರಿಸಿ, ಅಲಗನ್ನು ತುಸು ಮೇಲ್ಮುಖ ಹಿಡಿದು ಎಳೆದರೆ ಲಾಡಿಯಂತೆ ಬಿಚ್ಚಿ ಬರುತ್ತದೆ. ಅಂಚಿನ ಕೊಬ್ಬನ್ನೂ ಕೆತ್ತಿ ತೆಗೆಯಲಿ. ಜಿಂಕೆಯ ಕೊಬ್ಬು ಬಾಯಲ್ಲಿ ಮೇಣದಂತೆ ಅಂಗುಳಕ್ಕೆ ಹತ್ತಿಕೊಳ್ಳುತ್ತದೆ, ‘ಕಾಡು ವಾಸನೆ’ ಅನ್ನುವುದರ ದೊಡ್ಡ ಪಾಲು ಅದರದೇ.

ಉಪ್ಪು ತೂಕದ ನೂರಕ್ಕೆ ಒಂದು ಪಾಲು: 200 ಗ್ರಾಂ ತುಂಡಿಗೆ 2 ಗ್ರಾಂ, ಅಂದರೆ ಚಹಾ ಚಮಚದ ಮೂರನೇ ಒಂದು ಪಾಲು. ಇದನ್ನು ಮುಕ್ಕಾಲು ತಾಸು ಮೊದಲು ಹಚ್ಚಬೇಕು, ಇಲ್ಲವೇ ಹಂಚಿಗೆ ಹಾಕುವ ಕ್ಷಣದಲ್ಲಿ. ಹತ್ತು–ಹದಿನೈದು ನಿಮಿಷ ಮೊದಲು ಹಚ್ಚುವವರೇ ಹೆಚ್ಚು, ಕೆಡುವುದೂ ಅಲ್ಲೇ: ಉಪ್ಪು ಎಳೆದ ನೀರು ಮೇಲೆಯೇ ನಿಂತಿರುತ್ತದೆ, ಇನ್ನೂ ಒಳಗೆ ಹೋಗಿರುವುದಿಲ್ಲ. ಹಂಚಿಗೆ ಬಿದ್ದೊಡನೆ ಮಾಂಸ ಹುರಿಯುವ ಬದಲು ಕುದಿಯುತ್ತದೆ, ಬೂದಿ ಬಣ್ಣಕ್ಕೆ ತಿರುಗುತ್ತದೆ. ಯಾವಾಗ ಹಚ್ಚಿದರೂ ಬೇಯಿಸುವ ಮುಂಚೆ ಒಣ ಬಟ್ಟೆಯಿಂದ ಒತ್ತಿ ಒರೆಸಬೇಕು.

ಹಂಚು ದಪ್ಪ ಕಬ್ಬಿಣದ್ದಿರಲಿ. ನಾನ್‌ಸ್ಟಿಕ್ ಬೇಡ, ಅಷ್ಟು ಬಿಸಿ ಅದು ತಾಳದು. ನೀರು ಚಿಮುಕಿಸಿದರೆ ಹನಿ ಗೋಲಿಯಂತೆ ಓಡಾಡಬೇಕು. ಆಗ ಒಂದು ದೊಡ್ಡ ಚಮಚ ರಿಫೈಂಡ್ ಶೇಂಗಾ ಎಣ್ಣೆ, ಅದು ಹೊಗೆಯಾಡತೊಡಗಿದಾಗ ಮಾಂಸ. ಪ್ರತಿ ಮಗ್ಗುಲಿಗೆ ಒಂದೂವರೆಯಿಂದ ಎರಡು ನಿಮಿಷ. ಆಮೇಲೆ ಉರಿ ಇಳಿಸಿ 15 ಗ್ರಾಂ ಬೆಣ್ಣೆ, ಜಜ್ಜಿದ ಎರಡು ಬೆಳ್ಳುಳ್ಳಿ ಎಸಳು, ಕುಟ್ಟಿದ ಕರಿಮೆಣಸು ಹಾಕಿ, ಹಂಚು ಓರೆ ಮಾಡಿ ನೊರೆ ಬೆಣ್ಣೆಯನ್ನು ಚಮಚದಿಂದ ಮಾಂಸದ ಮೇಲೆ ಒಂದು ನಿಮಿಷ ಸುರಿಯುತ್ತಿರಬೇಕು. ಬೆಣ್ಣೆ, ಮೆಣಸು ಎರಡನ್ನೂ ಮೊದಲೇ ಹಾಕಿದರೆ ಕರಕಲು ಕಹಿ.

ಮಾಂಸದ ಥರ್ಮಾಮೀಟರಿಗೆ ಅಲ್ಲಿ ದೊಡ್ಡ ಖರ್ಚೇನಿಲ್ಲ, ಒಂದು ಕೊಳ್ಳಲಿ. ನಡುವೆ 50–52 ಡಿಗ್ರಿ ತೋರಿಸಿದಾಗ ಇಳಿಸಿದರೆ ತಟ್ಟೆಯಲ್ಲಿ ಇನ್ನೂ ಮೂರು–ನಾಲ್ಕು ಡಿಗ್ರಿ ಏರುತ್ತದೆ. ಒಳಗೆ ನಸುಗೆಂಪು ಉಳಿದು ರಸವಿರುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ತೆಳ್ಳನೆಯ ಸ್ಟೀಲ್ ಕಡ್ಡಿಯನ್ನು ನಡುವಿನ ತನಕ ಚುಚ್ಚಿ, ಐದು ಎಣಿಸಿ ತೆಗೆದು ಕೆಳತುಟಿಗೆ ತಾಗಿಸಿ ನೋಡಬಹುದು. ತಣ್ಣಗಿದ್ದರೆ ಹಸಿ, ಉಗುರುಬೆಚ್ಚಗಿದ್ದರೆ ಹದ, ಸುರ್ ಎಂದರೆ ಹೊತ್ತು ಮೀರಿದೆ. ಗರ್ಭಿಣಿಯರು, ಸಣ್ಣ ಮಕ್ಕಳು, ವಯಸ್ಸಾದವರು, ಕಾಯಿಲೆಯವರು ನಸುಗೆಂಪು ಮಾಂಸ ತಿನ್ನಬಾರದು. ಅವರಿಗೆ ಮೂರು ತಾಸಿನ ದಾರಿಯೇ ಸರಿ.

ಇಳಿಸಿದ ಮೇಲೆ ಐದು ನಿಮಿಷ ಮುಟ್ಟಬಾರದು. ಆಮೇಲೆ ಎಳೆ ಯಾವ ದಿಕ್ಕಿಗೆ ಓಡಿದೆ ನೋಡಿ, ಅದಕ್ಕೆ ಅಡ್ಡಲಾಗಿ ಹೆಚ್ಚಬೇಕು. ಎಳೆಯ ಗುಂಟ ಕೊಯ್ದರೆ ಹದವಾಗಿ ಬೆಂದದ್ದೂ ನಾರಿನಂತೆ ಹಲ್ಲಿಗೆ ಸಿಗುತ್ತದೆ. ಹಂಚಿನ ತಳಕ್ಕೆ ಹತ್ತಿದ್ದಕ್ಕೆ ಅರ್ಧ ಕಪ್ ಎಲುಬಿನ ಸಾರು, ಒಂದು ಚಮಚ ಪ್ಲಮ್ ಜಾಮ್ ಹಾಕಿ ಕೆರೆದು ಅರ್ಧಕ್ಕೆ ಇಂಗಿಸಿದರೆ ಮೇಲೆ ಹಾಕಿಕೊಳ್ಳಲು ಬರುತ್ತದೆ. ಹುಳಿ–ಸಿಹಿ ಈ ಮಾಂಸಕ್ಕೆ ಒಗ್ಗುತ್ತದೆ. ನಮ್ಮ ಮಸಾಲಿ ಖಾರ ಒಗ್ಗದು ಎಂದಲ್ಲ, ಆದರೆ ಅಷ್ಟು ದುಡ್ಡು ಕೊಟ್ಟ ಮಾಂಸದ ರುಚಿ ಖಾರದಡಿ ಹುಗಿದು ಹೋಗುತ್ತದೆ.

ಪ್ರಶ್ನೆ: ಹೋಟೆಲಿನ್ಯಾಗ ಕೊಡೋ ಮಟನ್ ಸ್ಟೇಕ್ ಮನ್ಯಾಗ ರೊಟ್ಟಿ ಹಂಚಿನ ಮ್ಯಾಲೆ ಮಾಡಬಹುದೇನ್ರಿ? ಅಂಗಡ್ಯಾಂವಗ ಏನಂತ ಕೇಳಬೇಕು?
— ಓದುಗರೊಬ್ಬರು, ಶಹಾಪುರ, ಬೆಳಗಾವಿ

ಉತ್ತರ: ಮಾಡಬಹುದು, ರೊಟ್ಟಿ ಹಂಚಿನಷ್ಟು ಒಳ್ಳೆಯ ಸ್ಟೇಕ್ ಹಂಚು ದುಡ್ಡು ಕೊಟ್ಟರೂ ಸಿಗದು. ಹಾಲುಹಲ್ಲಿನ ಮರಿ ಕೇಳಿ. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದೆ ಎಂದರೆ ವರ್ಷ ದಾಟಿದೆ, ಪೊರೆ ಬಲಿತಿರುತ್ತದೆ. ‘ರಾನ್ (ತೊಡೆ), ಎಲುಬು ಸಮೇತ, ಅಡ್ಡಲಾಗಿ, ಎರಡು ಸೆಂಟಿಮೀಟರ್ ದಪ್ಪ’ ಎಂದು ಬೆರಳಿಟ್ಟು ತೋರಿಸಿ. ಬಾಯಲ್ಲಿ ಹೇಳಿದರೆ ರೂಢಿಯ ಕೈ ಬೋಟಿ ಬೋಟಿಯಾಗಿ ಕತ್ತರಿಸಿ ಚೀಲಕ್ಕೆ ತುಂಬಿಬಿಡುತ್ತದೆ.

ಆದರೆ ತೆರೆದ ಅಂಗಡಿಯಲ್ಲಿ ತಾಸುಗಟ್ಟಲೆ ತೂಗುಹಾಕಿದ ಮಾಂಸವನ್ನು ನಸುಗೆಂಪು ಇಟ್ಟು ತಿನ್ನಬೇಡಿ. ಹಾಗಾಗಿ ಇಲ್ಲಿ ಎರಡು ಹಂತ. ಅರ್ಧ ಕಿಲೋ ತುಂಡುಗಳಿಗೆ 5 ಗ್ರಾಂ ಉಪ್ಪು, ಒಂದು ಚಮಚ ಹಸಿಶುಂಠಿ–ಬೆಳ್ಳುಳ್ಳಿ ಹಚ್ಚಿ, ಕುಕ್ಕರಿನಲ್ಲಿ ಒಂದು ಕಪ್ ನೀರು ಹಾಕಿ, ಮೊದಲ ಸೀಟಿಯಾದ ಮೇಲೆ ಸಣ್ಣ ಉರಿಯಲ್ಲಿ 12 ನಿಮಿಷ. ಹಬೆ ತಾನಾಗಿ ಇಳಿಯಬೇಕು. ಸೀಟಿ ಎತ್ತಿ ಹಬೆ ಬಿಟ್ಟರೆ ಮಾಂಸದೊಳಗಿನ ನೀರೂ ಒಮ್ಮೆಲೇ ಕುದ್ದು ಹೊರಬಂದು ತುಂಡು ಒಣಗುತ್ತದೆ. ತುಂಡುಗಳನ್ನು ತೆಗೆದು, ಆರಿಸಿ, ಒರೆಸಿ, ಕಾದ ಹಂಚಿನ ಮೇಲೆ ಮಗ್ಗುಲಿಗೆ ಒಂದೊಂದು ನಿಮಿಷ. ಬ್ಯಾಡಗಿ ಖಾರದ ಪುಡಿ, ಮಸಾಲೆ ಏನಿದ್ದರೂ ಉರಿ ಆರಿಸಿದ ಮೇಲೆ, ಬೆಣ್ಣೆಯಲ್ಲಿ ಕಲಸಿ ಸವರಿ. ಹಸಿ ಖಾರ ಕಾದ ಹಂಚಿಗೆ ಬಿದ್ದರೆ ಮನೆಮಂದಿಯೆಲ್ಲ ಕೆಮ್ಮಿಕೊಂಡು ಓಣಿಗೆ ಬರುತ್ತಾರೆ. ಕುಕ್ಕರಿನಲ್ಲಿ ಉಳಿದ ಎಸರು ಚೆಲ್ಲಬೇಡಿ, ಅನ್ನಕ್ಕೆ ಆಗುತ್ತದೆ. ತಟ್ಟೆ ಮಾತ್ರ ಬಿಸಿ ಇರಲಿ. ಟಗರಿನ ಕೊಬ್ಬು ತಣ್ಣನೆ ಸ್ಟೀಲ್ ತಟ್ಟೆಯಲ್ಲಿ ಎರಡು ನಿಮಿಷಕ್ಕೆ ಹೆಪ್ಪುಗಟ್ಟುತ್ತದೆ.

ಪ್ರಶ್ನೆ: ಭಾನುವಾರ ಮುಂಜಾನೆ ಕಣ್ಣ ಮುಂದ ಕಡಿಸಿ ತಂದ ತಾಜಾ ಮಟನ್ ಫ್ರೀಜರಿನ್ಯಾಗ ಇಟ್ಟು ಬುಧವಾರ ಮಾಡಿದ್ರ ರಬ್ಬರ್ ಆಗತೈತಿ, ಬಟ್ಟಲ ತುಂಬ ಕೆಂಪ ನೀರ ಬ್ಯಾರೆ. ತಾಜಾ ಇದ್ರೂ ಯಾಕ ಹಿಂಗ?
— ಓದುಗರೊಬ್ಬರು, ವಿಜಯಪುರ

ಉತ್ತರ: ತಾಜಾ ಇರುವುದರಿಂದಲೇ ಹೀಗೆ. ಪ್ರಾಣಿ ಕಡಿದ ಕೆಲವು ತಾಸಿನಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ, ಒಂದು ದಿನ ಕಳೆದರೆ ಮಾಂಸದಲ್ಲಿಯೇ ಇರುವ ಕಿಣ್ವಗಳು ಎಳೆಯನ್ನು ಸಡಿಲಿಸತೊಡಗುತ್ತವೆ. ನೀವು ಸೆಟೆಯುವ ಮೊದಲೇ, ಬಿಸಿ ಆರದ ಮಾಂಸವನ್ನು ಫ್ರೀಜರಿಗೆ ದೂಡಿದ್ದೀರಿ. ಅಲ್ಲಿ ಹೆಪ್ಪುಗಟ್ಟಿದ್ದು ಬುಧವಾರ ಕರಗುವಾಗ ನಿಂತ ಕೆಲಸ ಒಮ್ಮೆಲೇ ನಡೆದು ಎಳೆಗಳು ಗಿಡ್ಡಕ್ಕೆ ಎಳೆದುಕೊಳ್ಳುತ್ತವೆ, ನೀರು ಹೊರಬೀಳುತ್ತದೆ. ಆ ಕೆಂಪು ನೀರು ರಕ್ತವಲ್ಲ, ಮಯೋಗ್ಲೋಬಿನ್ ಎಂಬ ಸ್ನಾಯುವಿನ ಬಣ್ಣ ಬೆರೆತ ನೀರು. ಸ್ಟೇಕ್ ಕೊಯ್ದಾಗ ಬರುವುದೂ ಅದೇ.

ತಂದ ಮಾಂಸವನ್ನು ಒಂದೋ ತಾಸೆರಡು ತಾಸಿನೊಳಗೆ ಒಲೆಗೆ ಏರಿಸಿ, ಇಲ್ಲವೇ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಖಾನೆಯಲ್ಲಿ, 4 ಡಿಗ್ರಿಯೊಳಗೆ, ಒಂದು ದಿನವಿಟ್ಟು ಆಮೇಲೆ ಮಾಡಿ. ಮುಂದಕ್ಕೆ ಇಡಬೇಕೆಂದರೂ ಆ ಒಂದು ದಿನ ಕಳೆದೇ ಫ್ರೀಜರಿಗೆ ಹಾಕಿ. ದೊಡ್ಡ ತುಂಡಾಗಿ, ಎಲುಬು ಸಮೇತ ಇಟ್ಟರೆ ಇನ್ನೂ ಒಳ್ಳೆಯದು, ಎಲುಬಿಗೆ ಅಂಟಿದ ಸ್ನಾಯು ಅಷ್ಟು ಗಿಡ್ಡವಾಗಲಾರದು. ಬ್ಯಾಸಗಿಯಲ್ಲಿ ತಾಸುಗಟ್ಟಲೆ ಕರೆಂಟ್ ಹೋಗುವ ಮನೆಯಾದರೆ ಈ ಪಾಠ ಬಿಡಿ, ಭಾನುವಾರವೇ ಉಂಡು ಮುಗಿಸಿ.

ಪ್ರಶ್ನೆ: ಪಪ್ಪಾಯಿಕಾಯಿ ಹಚ್ಚಿ ಇಡೀ ರಾತ್ರಿ ಇಟ್ಟರೂ ಮ್ಯಾಲೆ ಹಿಟ್ಟಿನಂಗ, ಒಳಗ ಬಿರುಸು. ಕಡಿಮಿ ಆತೇನು?
— ಓದುಗರೊಬ್ಬರು, ಇಳಕಲ್

ಉತ್ತರ: ಹೆಚ್ಚಾಯಿತು. ಪಪ್ಪಾಯಿಯಲ್ಲಿರುವ ಪಪೇನ್ ಎಂಬ ಕಿಣ್ವ ಒಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ರಾತ್ರಿಯಿಡೀ ಇಟ್ಟರೆ ಮೇಲಿನದನ್ನೇ ತಿಂದು ಹಿಟ್ಟು ಮಾಡುತ್ತದೆ. ಒಂದು ಕಿಲೋಗೆ ಸಿಪ್ಪೆ ಸಮೇತ ಅರೆದ ಹಸಿಕಾಯಿ ಎರಡು ದೊಡ್ಡ ಚಮಚ, ಒಂದರಿಂದ ಎರಡು ತಾಸು, ಅದೂ ಬಲಿತ ಮಾಂಸವಾದರೆ ಮಾತ್ರ. ಪಪೇನ್ ಭರದಿಂದ ಕೆಲಸ ಮಾಡುವುದು 60–70 ಡಿಗ್ರಿಯಲ್ಲಿ, ಒಲೆಯ ಮೇಲೆ ಬಿಸಿಯೇರುವಾಗ. ಆದ್ದರಿಂದ ಕಾಯಿಸುವುದನ್ನು ನಿಧಾನವಾಗಿ ಶುರುಮಾಡಿ. ನಿಂಬೆರಸ, ವಿನೆಗರ್ ಹೆಚ್ಚಾದರೆ ಮೇಲ್ಪದರ ಬೆಂದಂತೆ ಬಿಗಿಯುತ್ತದೆ, ಮೆತ್ತಗಾಗದು. ಹುಳಿ ಬೇಕಿದ್ದರೆ ಮೊಸರು ವಾಸಿ. ಜಮಖಂಡಿಯವರ ಮಗನಿಗೂ ಒಂದು ಮಾತು: ಆ ಬೆನ್ನಿನ ತುಂಡಿಗೆ ಪಪ್ಪಾಯಿ ಮುಟ್ಟಿಸಲೇಬಾರದು.